ಅಂಗೈಯಗಲದ ಕಿಟ್ಟ

ಇವತ್ತು ಕುಲುಮೆಯ ತಳದಿಂದ ಅಂಗೈಯಗಲದ ಕಿಟ್ಟ, ಅಂದರೆ ಕರಗಿ ಗಟ್ಟಿಯಾದ ಬೂದಿಯ ಬಿಲ್ಲೆ, ಎದ್ದು ಬಂತು. ಗಾಜಿನ ಹಾಗೆ ಹೊಳಪು, ಅಡಿಯಲ್ಲಿ ಗಾಳಿ ತೂತುಗಳ ಅಚ್ಚು.

ಬ್ಲೋವರ್ ಜೋರಾಗೇ ತಿರುಗ್ತಿತ್ತು, ಬೆಂಕಿ ಮಾತ್ರ ಮಂಕು. ಎಲ್ಲರೂ ಮೊದಲು ಬೈಯೋದು ಬ್ಲೋವರನ್ನೇ, ಪಾಪ. ಗಾಳಿ ತೂತು ಮುಚ್ಚಿದ್ದು ಈ ಕಿಟ್ಟ.

ಕಲ್ಲಿದ್ದಲಿನ ಬೂದಿ ಕರಗಿ ಕೆಳಗಿಳಿದು, ತೂತಿನ ಮೇಲೆ ಗಾಳಿಗೆ ತಣಿದು ಗಟ್ಟಿಯಾಗುತ್ತೆ. ಗಾಳಿ ಬಂದ್ ಮಾಡಿ ಐದು ನಿಮಿಷ ಬಿಡಿ, ಆಮೇಲೆ ಕೊಕ್ಕೆ ಸರಳಿಂದ ಮೀಟಿ. ಬಿಲ್ಲೆ ಇಡಿಯಾಗಿ ಬರುತ್ತೆ. ಧಗಧಗ ಉರಿಯುವಾಗಲೇ ಕೆದಕಿದರೆ ಕೆಂಡದಲ್ಲಿ ಬೆರೆತುಹೋಗುತ್ತೆ. ಕಟ್ಟಿಗೆ ಇದ್ದಿಲಿಗೆ ಈ ಕಾಟ ಕಮ್ಮಿ. ಆದರೆ ಅದು ಮೂಟೆಗಟ್ಟಲೆ ಬೇಕು.

ಹೊಸದಾಗಿ ಕುಲುಮೆ ಕಟ್ಟೋರಿಗೆ ಗುಜರಿಯ ಹಳೇ ಬ್ರೇಕ್ ಡ್ರಮ್ ಸಾಕು. ತಳಕ್ಕೆ 10 ಮಿ.ಮೀ. ತೂತುಗಳಿರೋ ದಪ್ಪ ಪ್ಲೇಟು, ಅದರ ಕೆಳಗೆ 2 ಇಂಚು ಪೈಪಿನ 'ಟಿ'. ಅಡ್ಡಬಾಯಿಗೆ ಗಾಳಿ, ಕೆಳಬಾಯಿಗೆ ಬೂದಿ ಬೀಳಿಸೋ ಮುಚ್ಚಳ. ಸತುವು ಲೇಪಿಸಿದ ಜಿಐ ಪೈಪ್ ಮಾತ್ರ ಬೇಡ, ಕಾದರೆ ಸತುವಿನ ಹೊಗೆ ಜ್ವರ ಬರಿಸುತ್ತೆ. ಕಬ್ಬಿಣದ ಕೆಳಗೆ 4 ಇಂಚು ಕೆಂಡ ಇರಲೇಬೇಕು. ಇಲ್ಲದಿದ್ದರೆ ಗಾಳಿ ನೇರ ತಗುಲಿ ಕಬ್ಬಿಣದ ಮೈಯೆಲ್ಲ ಕರಿ ಪೊರೆಯ ಹಕ್ಕಳೆ.

ಬಿಲ್ಲೆ ಕಟ್ಟೆ ಮೇಲಿದೆ. ಇನ್ನೂ ಟಿಕ್ ಟಿಕ್ ಅಂತ ಬಿರುಕು ಬಿಡ್ತಿದೆ.