ಗೇರ್‌ಬಾಕ್ಸಿಗೆ ಎಣ್ಣೆ ಸ್ನಾನ

ಫೆಬ್ರವರಿ 9, 2025, ಭಾನುವಾರ
ಮೈಸೂರು

ಬೆಳಗ್ಗೆ ಆರೂವರೆಗೇ ಬೆಂಗಳೂರು ಬಿಟ್ಟೆವು. ಹೆಂಡತಿಗೆ ತವರಿನ ಊಟದ ಆಸೆ, ನನಗೆ ಮಾವನ ಮನೆಯ ಅಂಗಳದ ಆಸೆ. ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಲ್ಲಿ ಗಾಡಿ ತೊಳೆದರೇ ತಕರಾರು. ಇನ್ನು ಎಣ್ಣೆ ಇಳಿಸುತ್ತೇನೆ ಅಂದರೆ ಬಿಡುತ್ತಾರಾ?

ಗಾಡಿ 2011ರ ಹೋಂಡಾ ಸಿವಿಕ್, ಐದು ಗೇರಿನ ಆಟೋಮ್ಯಾಟಿಕ್. ಮೂರು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಮೀಟರ್ 92 ಸಾವಿರ ದಾಟಿದೆ. ಗೇರ್‌ಬಾಕ್ಸ್ ಎಣ್ಣೆ ಬದಲಾಯಿಸಿದ ದಾಖಲೆ ಸರ್ವಿಸ್ ಪುಸ್ತಕದಲ್ಲಿ ಒಂದೂ ಇಲ್ಲ. ಈಚೆಗೆ ಎರಡರಿಂದ ಮೂರನೇ ಗೇರಿಗೆ ಹೋಗುವಾಗ ಯಾರೋ ಹಿಂದಿನಿಂದ ತಳ್ಳಿದ ಹಾಗೆ ಆಗುತ್ತಿತ್ತು. ಸಿಲ್ಕ್ ಬೋರ್ಡ್ ಕಡೆಯ ತೆವಳುವ ಟ್ರಾಫಿಕ್ಕಿನಲ್ಲಂತೂ ಜಾಸ್ತಿ.

ಒಂದು ಸರ್ವಿಸ್ ಸೆಂಟರಿನಲ್ಲಿ ಕೇಳಿದೆ. 'ಅದು ಲೈಫ್‌ಟೈಮ್ ಆಯಿಲ್ ಸಾರ್, ಮುಟ್ಟಬೇಡಿ' ಅಂದರು. ಮನೆಗೆ ಬಂದು ಹೇಳಿದರೆ ಹೆಂಡತಿ, 'ಯಾರ ಲೈಫು? ಎಣ್ಣೇದೋ, ಗಾಡೀದೋ, ನಿಮ್ಮದೋ?' ಅಂದಳು. ಅವಳ ಪ್ರಶ್ನೆಯೇ ಸರಿ ಅನಿಸಿತು. ಮ್ಯಾನ್ಯುಯಲ್ ಗಾಡಿಯಲ್ಲಿ ಗೇರ್ ಎಣ್ಣೆಗೆ ಹಲ್ಲುಗಳು ಸವೆಯದಂತೆ ನೋಡಿಕೊಳ್ಳುವ ಕೆಲಸ ಅಷ್ಟೇ. ಇಲ್ಲಿ ಎಂಜಿನ್ನಿನ ಶಕ್ತಿಯನ್ನು ಟಾರ್ಕ್ ಕನ್ವರ್ಟರ್ (ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕೂತಿರುವ ಭಾಗ) ಒಳಗೆ ದಾಟಿಸುವುದೂ ಎಣ್ಣೆ, ಕ್ಲಚ್‌ಗಳನ್ನು ಒತ್ತಿ ಹಿಡಿಯುವುದೂ ಎಣ್ಣೆ, ಬಿಸಿ ಹೊತ್ತು ಹೊರಗೆ ಹಾಕುವುದೂ ಅದೇ ಎಣ್ಣೆ. ಹದಿನಾಲ್ಕು ವರ್ಷ ಹೀಗೆ ಕಾದು ಕಾದು ಅದು ಹೊಸದರ ಹಾಗೇ ಇರುತ್ತೆ ಅಂದರೆ ನಂಬೋದು ಹೇಗೆ?

ಮೈಸೂರಿನವರೆಗೆ ಓಡಿಸಿದ್ದರಿಂದ ಎಣ್ಣೆ ಚೆನ್ನಾಗಿ ಕಾದಿತ್ತು. ಹಾಗಾಗಿ ಮೊದಲು ಕಾಫಿ, ಉಪ್ಪಿಟ್ಟು. ಬೆಚ್ಚಗಿರುವಾಗ ಎಣ್ಣೆ ಸರಾಗವಾಗಿ ಇಳಿಯುತ್ತೆ ನಿಜ, ಕುದಿಯುವ ಹಾಗಿದ್ದರೆ ಇಳಿಯೋದು ನಮ್ಮ ಚರ್ಮ.

ಈ ಗಾಡಿಯ ಹೊಟ್ಟೆ ನೆಲಕ್ಕೆ ಹತ್ತಿರ. ಊರಲ್ಲಿರೋ ಹಂಪುಗಳೆಲ್ಲ ಅದಕ್ಕೆ ಪರಿಚಯ. ಜಾಕ್ ಒಳಗೆ ಹೋಗಲಿಲ್ಲ. ಮೊದಲು ಎರಡು ಹಲಗೆ ಮೇಲೆ ಹತ್ತಿಸಿ, ಆಮೇಲೆ ಜಾಕ್ ಕೊಟ್ಟು, ನಾಲ್ಕೂ ಕಡೆ ಸ್ಟ್ಯಾಂಡ್ ಇಟ್ಟೆ. ಬರೀ ಜಾಕ್ ನಂಬಿ ಗಾಡಿ ಕೆಳಗೆ ನುಸುಳುವುದು ಬೇಡವೇ ಬೇಡ. ಮುಂದೆ ಮಾತ್ರ ಎತ್ತಿದರೂ ಆಗಲ್ಲ, ಎಣ್ಣೆ ಒಂದು ಕಡೆ ವಾಲಿ ಅಳತೆ ತಪ್ಪುತ್ತೆ.

ಎಣ್ಣೆ ಇಳಿಸುವ ಡ್ರೈನ್ ಪ್ಲಗ್‌ಗೆ ಕೈ ಹಾಕುವ ಮುಂಚೆ ಮೇಲಿನ ಡಿಪ್‌ಸ್ಟಿಕ್ (ಎಣ್ಣೆ ಮಟ್ಟ ಅಳೆಯುವ ಕಡ್ಡಿ) ಕಿತ್ತು ನೋಡಿದೆ, ಹೊಸ ಎಣ್ಣೆ ಹಾಕುವುದು ಅದರ ತೂತಿನಿಂದಲೇ. ಹಾಕುವ ದಾರಿ ತೆರೆಯುತ್ತೆ ಅಂತ ಗೊತ್ತಾಗದೆ ಇಳಿಸುವ ದಾರಿ ತೆರೆಯಬಾರದು. ಪ್ಲಗ್ ಇರುವುದು ಎಡಗಡೆ, ಮುಂದಿನ ಚಕ್ರದ ಒಳಬದಿಗೆ. ಅದಕ್ಕೆ ಪಾನಾ ಬೇಕಿಲ್ಲ. ನಡುವೆ 3/8 ಇಂಚಿನ ಚೌಕ ತೂತಿದೆ, ರ‍್ಯಾಚೆಟ್ಟಿನ ಮೂತಿಯನ್ನೇ ನೇರವಾಗಿ ತೂರಿಸಬಹುದು. ಆದರೆ ಬಿಗಿ ಅಂದರೆ ಬಿಗಿ. ಮಾವನವರ ಹಳೇ ಕಬ್ಬಿಣದ ಪೈಪನ್ನು ಹಿಡಿಗೆ ಸಿಕ್ಕಿಸಿ ಎಳೆದ ಮೇಲೆ 'ಟಕ್' ಅಂತು.

ಬಂದ ಎಣ್ಣೆ ಡಿಕಾಕ್ಷನ್ ಬಣ್ಣ. ಸ್ವಲ್ಪ ಸುಟ್ಟ ವಾಸನೆ. ಪ್ಲಗ್ಗಿನ ತುದಿಯಲ್ಲಿ ಒಂದು ಆಯಸ್ಕಾಂತ ಇರುತ್ತೆ. ನನ್ನ ಕಣ್ಣೆಲ್ಲ ಅದರ ಮೇಲೆ. ಲೋಹದ ಚೂರು ಅಂಟಿದ್ದರೆ ಆ ಗೇರ್‌ಬಾಕ್ಸ್ ಬಿಚ್ಚಿಸಬೇಕು, ಎಣ್ಣೆಯಿಂದ ಏನೂ ಆಗಲ್ಲ. ಪುಣ್ಯಕ್ಕೆ ಕಾಡಿಗೆಯ ಹಾಗೆ ನುಣ್ಣಗಿನ ಕರಿ ಅಂಟು ಮಾತ್ರ ಇತ್ತು. ಇಷ್ಟು ವರ್ಷದ ಸವೆತಕ್ಕೆ ಅಷ್ಟು ಸಹಜ. ಬೆರಳಲ್ಲಿ ಉಜ್ಜಿ ಉಜ್ಜಿ ನೋಡಿದೆ, ಒಂದು ಕಣವೂ ಚುಚ್ಚಲಿಲ್ಲ. ಆಗ ಉಸಿರು ಬಂತು.

ಮುಂದಿನದು ಸುಮ್ನೆ ಸುರಿಯುವ ಕೆಲಸ ಅಂತ ಕಾಣುತ್ತೆ. ಅಲ್ಲ, ಅಳೆಯುವ ಕೆಲಸ. ಎಷ್ಟು ಇಳಿಯಿತೋ ಅಷ್ಟೇ ಹಾಕಬೇಕು. ಒಂದು ಲೀಟರಿನ ನೀರಿನ ಬಾಟಲಿಗಳ ಮೇಲೆ ಮಾರ್ಕರಿನಿಂದ ಗೆರೆ ಎಳೆದಿಟ್ಟುಕೊಂಡಿದ್ದೆ. ಟಬ್ಬಿನಿಂದ (ಅತ್ತೆಯವರ ಹಿಟ್ಟು ಕಲಸುವ ಟಬ್, ಅದು ಬೇರೆ ಕಥೆ) ಬಾಟಲಿಗೆ ಬಗ್ಗಿಸಿ ಅಳೆದರೆ 2.3 ಲೀಟರ್. ಬರಬೇಕಾದ್ದು ಸುಮಾರು 2.4. ಅಂದರೆ ಒಳಗೆ ಒಂದು ಲೋಟದಷ್ಟು ಕಮ್ಮಿಯೇ ಇತ್ತು ಅಂತ ಕಾಣುತ್ತೆ. ನಾನು 2.4 ಹಾಕಿದೆ.

ಒಳಗೆ ಒಟ್ಟು ಹಿಡಿಸುವುದು ಆರು ಲೀಟರಿನ ಆಸುಪಾಸು. ಮಿಕ್ಕಿದ್ದು ಟಾರ್ಕ್ ಕನ್ವರ್ಟರಿನಲ್ಲಿ, ಪೈಪುಗಳಲ್ಲಿ, ಕ್ಲಚ್‌ಗಳ ಸಂದಿಯಲ್ಲಿ ಕೂತಿರುತ್ತೆ. ಪ್ಲಗ್ ಬಿಚ್ಚಿದರೆ ಅದು ಬರಲ್ಲ. ಹಾಗಾಗಿ ಇವತ್ತು ಹೊಸದಾಗಿದ್ದು ನೂರಕ್ಕೆ 40 ಮಾತ್ರ. ಇನ್ನೊಂದು ಸಲ ಮಾಡಿದರೆ 64, ಮೂರನೇ ಸಲಕ್ಕೆ 78. ಮಜ್ಜಿಗೆಗೆ ನೀರು ಬೆರೆಸಿದ ಲೆಕ್ಕ. ಮೆಷಿನ್ ಹಾಕಿ ಒಂದೇ ಏಟಿಗೆ ತೊಳೆಸಬಹುದಲ್ಲ ಅಂತ ಭಾಮೈದ ಕೇಳಿದ. ಹಳೇ ಗೇರ್‌ಬಾಕ್ಸಿಗೆ ಅಷ್ಟು ರಭಸ ಯಾಕೆ? ಮೂರು ಸಲ ಮೈಸೂರಿಗೆ ಬಂದರೆ ಆಯ್ತು. ಇದಕ್ಕೆ ಮನೆಯಲ್ಲಿ ಯಾರದೂ ವಿರೋಧ ಬರಲಿಲ್ಲ.

ಹಳೇ ಝಡ್-1 ಅನ್ನೋ ಎಣ್ಣೆ ಬದಲು ಹೋಂಡಾದವರು ಈಗ ಕೊಡುವುದು ಡಿಡಬ್ಲ್ಯೂ-1. ಹೊಸ ಎಣ್ಣೆ ಆರತಿ ನೀರಿನ ಹಾಗೆ ಕೆಂಪಗಿದೆ. ಬಣ್ಣ ಯಾಕೆ ಅಂತ ಮಾವ ಕೇಳಿದರು. ಸೋರಿದರೆ ಎಂಜಿನ್ ಆಯಿಲ್ಲೋ ಇದೋ ಗೊತ್ತಾಗಲಿ ಅಂತ, ಅಷ್ಟೇ. ಮಾತಿಗೆ ಮಾತು ಬಂದು, 1970ರ ದಶಕದ ಮೊದಮೊದಲವರೆಗೂ ಅಮೆರಿಕದಲ್ಲಿ ಇಂಥ ಎಣ್ಣೆಗೆ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು ಅಂತಲೂ ಹೇಳಿಬಿಟ್ಟೆ. ಮಡಿಯ ಮನುಷ್ಯ, ಎರಡು ಹೆಜ್ಜೆ ಹಿಂದಕ್ಕೆ ಹೋದರು. ಈಗ ಹಾಕಲ್ಲ ಅಂತ ಮೂರು ಸಲ ಹೇಳಬೇಕಾಯಿತು.

ಭಾಮೈದ ತನ್ನ ಗಾಡಿಗೂ ಉಳಿದದ್ದು ಹಾಕಿಕೊಡಿ ಅಂದ. ಅವನದು ಎಎಂಟಿ, ಅಂದರೆ ಮ್ಯಾನ್ಯುಯಲ್ ಗೇರ್‌ಬಾಕ್ಸಿಗೇ ಯಂತ್ರದ ಕೈ ಕಟ್ಟಿದ್ದು. ಅದಕ್ಕೆ ಬೇರೆ ಎಣ್ಣೆ. ಸಿವಿಟಿಗೆ, ಅಂದರೆ ಗೇರಿನ ಮೆಟ್ಟಿಲೇ ಇಲ್ಲದ ಆಟೋಮ್ಯಾಟಿಕ್ಕಿಗೆ, ಇನ್ನೊಂದು. ಕ್ಲಚ್ ಪೆಡಲ್ ಇಲ್ಲ ಅಂದ ಮಾತ್ರಕ್ಕೆ ಎಲ್ಲಾ ಒಂದೇ ಜಾತಿ ಅಲ್ಲ.

ಹೊಸ ವಾಷರ್ ಹಾಕಿ ಪ್ಲಗ್ ಬಿಗಿ ಮಾಡಿದೆ. ಡಿಪ್‌ಸ್ಟಿಕ್ಕಿನ ತೂತಿಗೆ ಉದ್ದ ಕೊಳವೆಯ ಆಲಿಕೆ ಇಟ್ಟು ಸುರಿಯೋಕೆ ಇಪ್ಪತ್ತು ನಿಮಿಷ ಹಿಡಿಯಿತು. ಗಾಡಿ ಇಳಿಸಿ, ಪಿ, ಆರ್, ಎನ್, ಡಿ ಎಲ್ಲಾ ಒಂದು ಸುತ್ತು ಹಾಕಿ, ರೇಡಿಯೇಟರ್ ಫ್ಯಾನ್ ಎರಡು ಸಲ ತಿರುಗುವವರೆಗೆ ಕಾದೆ. ಸುಮಾರು ಗಾಡಿಗಳಲ್ಲಿ ಎಂಜಿನ್ ಓಡುತ್ತಿರುವಾಗಲೇ ಎಣ್ಣೆ ಮಟ್ಟ ನೋಡುವುದು. ಇದರಲ್ಲಿ ಆಫ್ ಮಾಡಿ, 60ರಿಂದ 90 ಸೆಕೆಂಡಿನ ಒಳಗೆ ನೋಡಬೇಕು. ಹೆಂಡತಿ ಮೊಬೈಲ್ ಹಿಡಿದು ಎಣಿಸಿದಳು. ಎರಡು ಗುರುತಿನ ನಡುವೆ, ಮೇಲಿನದಕ್ಕೆ ಹತ್ತಿರ.

ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದಾರೆ. ಸೆಂಟ್ರಿಂಗ್ ಹಲಗೆಗೆ ಹಚ್ಚೋಕೆ ಹಳೇ ಎಣ್ಣೆ ಕೊಡಿ ಅಂತ ಮೇಸ್ತ್ರಿ ಬಂದು ಕೇಳಿದ. ಮಣ್ಣಿಗೆ, ಬಾವಿಗೆ ಸೇರೋ ವಿಷ ಅದು. ಕೊಡಲಿಲ್ಲ. ಕ್ಯಾನಿಗೆ ತುಂಬಿಟ್ಟಿದ್ದೇನೆ, ಹಳೇ ಎಣ್ಣೆ ಒಟ್ಟು ಮಾಡಿ ರೀಸೈಕಲ್‌ಗೆ ಕಳಿಸುವ ಗ್ಯಾರೇಜಿಗೆ ಕೊಡಬೇಕು. ಮೇಸ್ತ್ರಿಗೆ ಬೇಜಾರಾಯಿತು.

ಫೆಬ್ರವರಿ 26, ಶಿವರಾತ್ರಿ

ಎರಡನೇ ಸಲ. ಇಳಿದದ್ದು 2.4, ಹಾಕಿದ್ದೂ 2.4. ಡಿಕಾಕ್ಷನ್ ಹೋಗಿ ತೆಳು ಟೀ ಬಣ್ಣಕ್ಕೆ ಬಂದಿದೆ. ಅತ್ತೆ ಹೊಸ ಟಬ್ ತಂದಿದ್ದಾರೆ, ಅದನ್ನು ಅಟ್ಟದ ಮೇಲೆ ಇಟ್ಟಿದ್ದಾರೆ.

ಮಾರ್ಚ್ 30, ಯುಗಾದಿ

ನಿನ್ನೆ ಸಂಜೆ ಮೂರನೇದೂ ಮುಗಿಯಿತು. ಗಾಡಿಗೆ ನಿನ್ನೆ, ನನಗೆ ಇವತ್ತು ಎಣ್ಣೆ ಸ್ನಾನ. ಎರಡರಿಂದ ಮೂರಕ್ಕೆ ಹೋಗುವಾಗಿನ ತಳ್ಳಾಟ ಮುಕ್ಕಾಲು ಪಾಲು ಹೋಗಿದೆ. ಬೆಳಗ್ಗೆ ಮೊದಲ ಸಲ ರಿವರ್ಸ್ ಹಾಕಿದಾಗ ಮಾತ್ರ ಈಗಲೂ 'ಧಡ್' ಅನ್ನುತ್ತೆ. ಅದು ಎಣ್ಣೆಯ ತಪ್ಪಲ್ಲ, ಎಂಜಿನ್ನನ್ನು ಹಿಡಿದಿಡುವ ರಬ್ಬರ್ ಮೌಂಟ್ ಇರಬೇಕು. ಒಬ್ಬಟ್ಟು ತಿಂದು ಬಾನೆಟ್ ಎತ್ತಿ ನೋಡುತ್ತೇನೆ.