ತಿಂಗಳಿಗೆ ಸಾವಿರ ರೂಪಾಯಿ ಜಿಮ್ ಸೇರಬಹುದಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

"ನಮ್ಮ ಏರಿಯಾದಲ್ಲಿ ತಿಂಗಳಿಗೆ ಸಾವಿರದ ಜಿಮ್ ಇದೆ. ಸೇರಬಹುದಾ? ಇಲ್ಲಾ ದುಡ್ಡು ದಂಡಾನಾ?"

ಈ ಪ್ರಶ್ನೆ ನನಗೆ ಎಲ್ಲ ಕಡೆಯಿಂದ ಬರುತ್ತದೆ. ಆಫೀಸಿನವರು ಕೇಳುತ್ತಾರೆ, ನೆಂಟರು ಕೇಳುತ್ತಾರೆ, ಹೊಸದಾಗಿ ಕೆಲಸಕ್ಕೆ ಸೇರಿ ಪಿಜಿಯಲ್ಲಿರುವ ಹುಡುಗರು ಕೇಳುತ್ತಾರೆ. ನಾನು ಹಲವು ವರ್ಷಗಳಿಂದ ಬೆಂಗಳೂರಿನಲ್ಲಿ ಇಂಥದ್ದೇ ಒಂದು ಜಿಮ್ಮಿಗೆ ಹೋಗುತ್ತಿದ್ದೇನೆ. ಕೆಳಗೆ ಹಾರ್ಡ್‌ವೇರ್ ಅಂಗಡಿ, ಮೇಲೆ ಜಿಮ್. ಎಸಿ ಇಲ್ಲ, ಫ್ಯಾನ್ ಇದೆ. ಅದಕ್ಕೇ ನನ್ನನ್ನು ಕೇಳುತ್ತಾರೆ ಅನಿಸುತ್ತದೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಭಾರ ಎತ್ತೋಕೆ ಹೋಗುವುದಾದರೆ ಖಂಡಿತ ಸೇರಿ. ಟ್ರೆಡ್‌ಮಿಲ್ ಮೇಲೆ ನಡೆಯೋಕಷ್ಟೇ ಆದರೆ ಬೇಡ. ಸೇರಿದರೂ ಮೊದಲ ದಿನವೇ ವರ್ಷದ ಪ್ಯಾಕೇಜ್ ಕಟ್ಟಬೇಡಿ.

ನಡೆಯೋದಕ್ಕೆ ಯಾರಿಗೂ ದುಡ್ಡು ಕೊಡಬೇಕಾಗಿಲ್ಲ. ಮನೆ ಹತ್ತಿರದ ಪಾರ್ಕ್ ಇದೆ, ಕೆರೆ ಏರಿ ಇದೆ, ಊರಿನಲ್ಲಾದರೆ ತೋಟದ ದಾರಿ ಇದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ದೊಡ್ಡವರಿಗೆ ಎರಡು ಮಾತು ಹೇಳಿದೆ. ವಾರಕ್ಕೆ 150ರಿಂದ 300 ನಿಮಿಷ, ಬಿರುಸಾಗಿ ನಡೆಯುವಷ್ಟು ಶ್ರಮದ ಚಟುವಟಿಕೆ ಇರಬೇಕು. ಅದರ ಜೊತೆಗೆ ವಾರಕ್ಕೆ ಕನಿಷ್ಠ 2 ದಿನ ಸ್ನಾಯು ಗಟ್ಟಿ ಮಾಡುವ ವ್ಯಾಯಾಮವೂ ಇರಬೇಕು. ನಮ್ಮವರಲ್ಲಿ ಮೊದಲನೆಯದನ್ನು ಮಾಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಎರಡನೆಯದನ್ನು ಕೇಳಿದರೆ "ಅಯ್ಯೋ, ವಾಕಿಂಗ್ ಹೋಗ್ತೀನಲ್ಲ, ಸಾಕು" ಅಂತಾರೆ.

ಸಾಕಾಗುವುದಿಲ್ಲ. ವಯಸ್ಸಾಗುತ್ತಾ ಸ್ನಾಯು ಕರಗುತ್ತದೆ. ಬರೀ ನಡಿಗೆಯಿಂದ ಅದು ಪೂರ್ತಿ ಉಳಿಯುವುದಿಲ್ಲ. ಮನೆಗೆ ಬರುವ ಗ್ಯಾಸ್ ಸಿಲಿಂಡರಿನಲ್ಲಿ 14.2 ಕೆಜಿ ಗ್ಯಾಸ್ ಇರುತ್ತದೆ. ಸಿಲಿಂಡರಿನ ತೂಕವೂ ಸೇರಿದರೆ ಹೆಚ್ಚುಕಮ್ಮಿ 30 ಕೆಜಿ. ಅದನ್ನು ಬಾಗಿಲಿನಿಂದ ಅಡುಗೆಮನೆಗೆ ಸೊಂಟ ಹಿಡಿಯದೆ ಸಾಗಿಸುವ ಶಕ್ತಿ 55 ವರ್ಷ ದಾಟಿದ ಮೇಲೂ ಬೇಕು ಅಲ್ವಾ? ಬಸ್ಸಿನ ಎತ್ತರದ ಮೆಟ್ಟಿಲು ಹತ್ತಬೇಕು, ನೆಲದ ಮೇಲೆ ಊಟಕ್ಕೆ ಕೂತು ಕೈ ಊರದೆ ಏಳಬೇಕು. ಜಿಮ್ಮಿಗೆ ಕೊಡುವ ದುಡ್ಡು ಇಂಥದ್ದಕ್ಕೆ. ಸಿಕ್ಸ್ ಪ್ಯಾಕ್ ಆಮೇಲಿನ ಮಾತು.

ಹಾಗಾದರೆ ಪಾರ್ಕಿನಲ್ಲಿರುವ ಓಪನ್ ಜಿಮ್ ಸಾಲದಾ? ಹಿರಿಯರಿಗೆ ಕೀಲು ಸಡಿಲ ಆಗೋದಕ್ಕೆ ಅದು ಒಳ್ಳೆಯದು. ಆದರೆ ಅಲ್ಲಿನ ಹೆಚ್ಚಿನ ಮೆಷಿನ್‌ಗಳಲ್ಲಿ ಭಾರ ಹೆಚ್ಚಿಸಲು ಬರುವುದಿಲ್ಲ. ನಿಮ್ಮ ಮೈತೂಕ ಎಷ್ಟೋ ಅಷ್ಟೇ. ಕೆಲವು ವಾರಗಳಲ್ಲಿ ಮೈ ಅದಕ್ಕೆ ಒಗ್ಗಿಹೋಗುತ್ತದೆ. ಸ್ನಾಯು ಬೆಳೆಯಬೇಕಾದರೆ ಭಾರ ಸ್ವಲ್ಪ ಸ್ವಲ್ಪವೇ ಏರುತ್ತಾ ಹೋಗಬೇಕು. ಇವತ್ತು 5 ಕೆಜಿ ಸಲೀಸಾಗಿ ಹನ್ನೆರಡು ಸಲ ಎತ್ತಿದರೆ ಮುಂದಿನ ವಾರ ಏಳೂವರೆ ಕೆಜಿ ಸಿಗಬೇಕು. ಮನೆಯಲ್ಲೇ ಇದನ್ನೆಲ್ಲ ಹೊಂದಿಸೋಣ ಅಂದರೆ ರಾಡು, ಪ್ಲೇಟು, ಬೆಂಚು, ನಾಲ್ಕೈದು ಜೊತೆ ಡಂಬಲ್ಸ್ ತರುವಷ್ಟರಲ್ಲಿ ವರ್ಷದ ಜಿಮ್ ಫೀಸಿಗಿಂತ ಜಾಸ್ತಿ ಆಗುತ್ತದೆ. ಬಾಡಿಗೆ ಮನೆಯಲ್ಲಿ ಜಾಗ ಎಲ್ಲಿದೆ? ಪ್ಲೇಟು ಇಳಿಸಿದ ಸದ್ದಿಗೆ ಕೆಳಗಿನ ಮನೆಯವರು ಮೇಲೆ ಬರುತ್ತಾರೆ.

ಭಾರದ ವಿಷಯದಲ್ಲಿ ಅಗ್ಗದ ಜಿಮ್ ದುಬಾರಿ ಜಿಮ್ಮಿಗೆ ಸೋಲುವುದಿಲ್ಲ. 20 ಕೆಜಿ ಪ್ಲೇಟು ಎಲ್ಲಿದ್ದರೂ 20 ಕೆಜಿಯೇ. ಸ್ಟೀಮ್, ಲಾಕರ್, ದೊಡ್ಡ ಟಿವಿ, ಜ್ಯೂಸ್ ಕೌಂಟರ್ ಇವುಗಳಿಂದ ತೊಡೆ ಗಟ್ಟಿ ಆಗುವುದಿಲ್ಲ. ಒಂದು ಮಾತು ಮಾತ್ರ ನೆನಪಿರಲಿ, ಪ್ಲೇಟು ಹಾಕುವ ರಾಡಿನ ತೂಕವೂ ಲೆಕ್ಕಕ್ಕೆ ಸೇರಬೇಕು. ಪ್ರಮಾಣಿತ ರಾಡು, ಅಂದರೆ ಒಲಿಂಪಿಕ್ ಬಾರ್, ಗಂಡಸರದ್ದು 20 ಕೆಜಿ, ಹೆಂಗಸರದ್ದು 15 ಕೆಜಿ ಇರುತ್ತದೆ. ಚಿಕ್ಕ ಜಿಮ್ಮುಗಳಲ್ಲಿ ತೆಳು ರಾಡುಗಳೇ ಜಾಸ್ತಿ, ಒಂದೊಂದರ ತೂಕ ಒಂದೊಂದು ಥರ. ಅಲ್ಲೇ ಇರುವ ತೂಕದ ಮೆಷಿನ್ ಮೇಲೆ ಇಟ್ಟು ನೋಡಿ ಬರೆದುಕೊಂಡರೆ ಆಯಿತು.

ಮೈಸೂರು, ದಾವಣಗೆರೆ ಕಡೆಯವರು ಇದನ್ನು ಓದುತ್ತಾ "ನಮ್ಮ ಗರಡಿ ಮನೆ ಇತ್ತಲ್ಲ" ಅನ್ನಬಹುದು. ನಿಜ. ಮಟ್ಟಿ, ಗದೆ, ದಂಡೆ, ಬಸ್ಕಿ, ತಪ್ಪು ಮಾಡಿದರೆ ಬೈದು ತಿದ್ದುವ ಉಸ್ತಾದರು. ನಿಮ್ಮ ಬೀದಿಯಲ್ಲಿ ಇನ್ನೂ ನಡೆಯುತ್ತಿರುವ ಗರಡಿ ಇದ್ದರೆ, ನೀವು ಹರೆಯದ ಹುಡುಗನಾಗಿದ್ದರೆ, ಮೊದಲು ಅಲ್ಲಿಗೇ ಹೋಗಿ. ಆದರೆ ಹೆಚ್ಚಿನ ಗರಡಿಗಳಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶವಿಲ್ಲ. ಈ ಕೊರತೆಯನ್ನು ತುಂಬಿದ್ದು ನಮ್ಮ ಬೀದಿಯ ಅಗ್ಗದ ಜಿಮ್ಮುಗಳು. ನಾನು ಅವುಗಳ ಪರ ಇಷ್ಟು ಗಟ್ಟಿಯಾಗಿ ಮಾತಾಡುವುದಕ್ಕೆ ದೊಡ್ಡ ಕಾರಣ ಅದೇ.

ನಮ್ಮ ಜಿಮ್ಮಿನಲ್ಲಿ ಬೆಳಗ್ಗೆ 10ರಿಂದ 12ರವರೆಗೆ ಲೇಡೀಸ್ ಬ್ಯಾಚ್ ಇದೆ. ಬೆಳಗಿನ ಬ್ಯಾಚ್ ಮುಗಿಸಿ ನಾನು ಇಳಿಯುವುದು ಕೆಲವು ದಿನ ತಡವಾಗುತ್ತದೆ. ಅಷ್ಟರಲ್ಲಿ ಅವರು ಮೆಟ್ಟಿಲು ಹತ್ತಿ ಬರುತ್ತಿರುತ್ತಾರೆ. ಅವರಲ್ಲಿ ಒಬ್ಬರು ಅಮ್ಮ, ಮೊಮ್ಮಗನನ್ನು ಸ್ಕೂಲಿಗೆ ಬಿಟ್ಟು ನೇರ ಬರುತ್ತಾರೆ. ಚೂಡಿದಾರ್, ಕಾಲಿಗೆ ಕ್ಯಾನ್ವಾಸ್ ಶೂ, ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಕಟ್ಟಿರುತ್ತಾರೆ. ಟ್ರೈನರ್ ಹುಡುಗಿ ಮೊದಲು ಅವರ ಕೈಗೆ ಬರೀ ಪೊರಕೆ ಕೋಲು ಕೊಟ್ಟಳು. ಕೋಲನ್ನು ಬೆನ್ನಿಗೆ ಆನಿಸಿಕೊಂಡು, ಸೊಂಟದಿಂದ ಬಗ್ಗಿ, ಬೆನ್ನು ಗೂನಾಗದಂತೆ ಏಳುವುದನ್ನು ಕಲಿಸಿದಳು. "ಆಂಟಿ, ತಲೆ, ಬೆನ್ನು, ಸೊಂಟ, ಮೂರೂ ಕೋಲಿಗೆ ತಾಗಿರ್ಲಿ" ಅಂತ ಒಂದೇ ಮಾತನ್ನು ಬೇಜಾರಿಲ್ಲದೆ ಹೇಳುತ್ತಿದ್ದಳು. ಈಗ ಆ ಅಮ್ಮ ರಾಡಿಗೆ ಪ್ಲೇಟು ಹಾಕಿಕೊಂಡು ಡೆಡ್‌ಲಿಫ್ಟ್ ಮಾಡುತ್ತಾರೆ, ಅಂದರೆ ನೆಲದ ಮೇಲಿನ ಭಾರವನ್ನು ಬೆನ್ನು ಗೂನಾಗದಂತೆ ಎತ್ತಿ ನಿಲ್ಲುತ್ತಾರೆ. ಅಕ್ಕಿ ಮೂಟೆ ಜರುಗಿಸೋದಕ್ಕೆ ಮಗನನ್ನು ಕಾಯಲ್ಲ ಅಂತ ಒಮ್ಮೆ ಹೇಳಿದರು. ಇದು ತಿಂಗಳಿಗೆ ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ ಅಂದರೆ ನನ್ನ ಪ್ರಕಾರ ಅಗ್ಗ ಅಲ್ಲ, ಪುಕ್ಕಟೆ.

ಈಗ ದುಡ್ಡಿನ ಲೆಕ್ಕಕ್ಕೆ ಬರೋಣ. ಒಂದು ಉದಾಹರಣೆ ತೆಗೆದುಕೊಳ್ಳಿ. ತಿಂಗಳಿಗೆ ಕಟ್ಟಿದರೆ 1,200, ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ 8,000. ಬೋರ್ಡ್ ನೋಡಿದವರು ವರ್ಷದ್ದೇ ಲಾಭ ಅಂತ ಕಟ್ಟಿಬಿಡುತ್ತಾರೆ. ನೀವು ತಿಂಗಳಿಗೆ 12 ದಿನ ಹೋಗಿ, ಮೂರು ತಿಂಗಳಿಗೆ ಬಿಟ್ಟಿರಿ ಅಂದುಕೊಳ್ಳಿ. ಒಟ್ಟು 36 ದಿನ. ವರ್ಷದ ಪ್ಯಾಕೇಜಾದರೆ ದಿನಕ್ಕೆ 222 ರೂಪಾಯಿ ಬಿತ್ತು. ತಿಂಗಳ ಲೆಕ್ಕದಲ್ಲಾದರೆ 100. ವರ್ಷಪೂರ್ತಿ ಬಿಡದೆ ಹೋದರೆ ಮಾತ್ರ ವರ್ಷದ ಪ್ಯಾಕೇಜ್ ದಿನಕ್ಕೆ 56ಕ್ಕೆ ಇಳಿಯುತ್ತದೆ. ಅಂದರೆ ಗೆದ್ದರೆ ದಿನಕ್ಕೆ 44 ಉಳಿತಾಯ, ಸೋತರೆ 122 ನಷ್ಟ.

ಸೋಲುವವರೇ ಜಾಸ್ತಿ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ, ಅಧ್ಯಯನವೂ ಇದೆ. ಸ್ಟೆಫಾನೊ ಡೆಲ್ಲಾವಿನ್ಯ, ಉಲ್ರಿಕೆ ಮಾಲ್ಮೆಂಡಿಯರ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಮೂರು ಹೆಲ್ತ್ ಕ್ಲಬ್‌ಗಳ ಏಳು ಸಾವಿರಕ್ಕೂ ಹೆಚ್ಚು ಸದಸ್ಯರ ಹಾಜರಿ ತೆಗೆದು ನೋಡಿ, 2006ರಲ್ಲಿ ಪ್ರಕಟಿಸಿದರು. ತಿಂಗಳಿಗೆ 70 ಡಾಲರಿಗಿಂತ ಜಾಸ್ತಿ ಕಟ್ಟಿದವರು ತಿಂಗಳಲ್ಲಿ ಸರಾಸರಿ ನಾಲ್ಕು ಸಲವಷ್ಟೇ ಹೋಗಿದ್ದರು. ಒಂದೊಂದು ಸಲಕ್ಕೆ 17 ಡಾಲರಿಗಿಂತ ಹೆಚ್ಚು ಬಿತ್ತು. ಅದೇ ಕ್ಲಬ್ಬಿನಲ್ಲಿ 10 ಸಲದ ಪಾಸ್ ತೆಗೆದುಕೊಂಡಿದ್ದರೆ ಸಲಕ್ಕೆ 10 ಡಾಲರಿನಲ್ಲಿ ಮುಗಿಯುತ್ತಿತ್ತು. ನಾವೆಲ್ಲ ಸೇರುವ ದಿನ ನಮ್ಮ ಉತ್ಸಾಹವನ್ನು ಜಾಸ್ತಿ ಅಂದಾಜು ಮಾಡುತ್ತೇವೆ. ಬೆಂಗಳೂರಿನಲ್ಲಂತೂ ಮನೆ ಬದಲಾಗುತ್ತದೆ, ಕೆಲಸ ಬದಲಾಗುತ್ತದೆ, ಶಿಫ್ಟ್ ಬದಲಾಗುತ್ತದೆ.

ಹಾಗಾಗಿ ಮೊದಲ ಎರಡು ತಿಂಗಳು ತಿಂಗಳ ಲೆಕ್ಕದಲ್ಲೇ ಕಟ್ಟಿ. ಕಾಲು ತಾನಾಗೇ ಆ ಕಡೆ ಹೋಗುತ್ತಿದ್ದರೆ ಆಮೇಲೆ ಮೂರು ತಿಂಗಳದ್ದು. ಅದೂ ಮುಗಿದ ಮೇಲೆ ಬೇಕಿದ್ದರೆ ವರ್ಷದ್ದು. "ಆಫರ್ ಇವತ್ತೇ ಲಾಸ್ಟ್ ಸಾರ್" ಅಂದರೆ ತಲೆ ಕೆಡಿಸಿಕೊಳ್ಳಬೇಡಿ. ಹೊಸ ವರ್ಷ ಹೋದರೆ ಯುಗಾದಿ, ಯುಗಾದಿ ಹೋದರೆ ದಸರಾ, ದೀಪಾವಳಿ. ಆಫರ್ ಮತ್ತೆ ಬಂದೇ ಬರುತ್ತದೆ.

ಸೇರುವ ಮೊದಲು ನೋಡಿ ಬನ್ನಿ. ಆದರೆ ಮಧ್ಯಾಹ್ನ ಹೋಗಬೇಡಿ. ಆಗ ಎಲ್ಲ ಜಿಮ್ಮೂ ಖಾಲಿ, ಎಲ್ಲವೂ ಚೆಂದ ಕಾಣುತ್ತದೆ. ನೀವು ದಿನಾ ಯಾವ ಹೊತ್ತಿಗೆ ಹೋಗುತ್ತೀರೋ ಅದೇ ಹೊತ್ತಿಗೆ ಹೋಗಿ ಅರ್ಧ ಗಂಟೆ ನಿಂತು ನೋಡಿ. ಅಗ್ಗದ ಜಿಮ್ಮಿನ ನಿಜವಾದ ತೊಂದರೆ ಎಸಿ ಇಲ್ಲದ್ದಲ್ಲ, ಜನಜಂಗುಳಿ. ಸಂಜೆ ಏಳರ ಹೊತ್ತಿಗೆ ಒಂದು ಬೆಂಚಿಗೆ ನಾಲ್ಕು ಜನ ಕಾಯುತ್ತಿದ್ದರೆ ಒಂದು ಗಂಟೆಯ ವರ್ಕೌಟ್ ಎರಡು ಗಂಟೆ ಹಿಡಿಯುತ್ತದೆ. ಮಕ್ಕಳಿರುವವರಿಗೆ ಅದು ಆಗುವ ಮಾತಲ್ಲ. ದೂರವೂ ಅಷ್ಟೇ. ನಡೆದು ಹೋಗುವಷ್ಟು ಹತ್ತಿರದ ಸಾಧಾರಣ ಜಿಮ್, ಟ್ರಾಫಿಕ್ಕಿನಲ್ಲಿ ಅರ್ಧ ಗಂಟೆ ಹೋಗಬೇಕಾದ ಒಳ್ಳೆಯ ಜಿಮ್ಮಿಗಿಂತ ಮೇಲು.

ಹಾಗೇ ಕೇಬಲ್ ಮೆಷಿನ್ ಹತ್ತಿರ ಹೋಗಿ ಅದರ ವೈರ್ ನೋಡಿ. ಮೇಲಿನ ಪ್ಲಾಸ್ಟಿಕ್ ಸಿಪ್ಪೆ ಎದ್ದು ಒಳಗಿನ ತಂತಿ ಎಳೆಎಳೆಯಾಗಿ ಬಿಟ್ಟುಕೊಂಡಿದೆಯಾ, ರಾಟೆಯ ಹತ್ತಿರ ಮಡಚಿಕೊಂಡಿದೆಯಾ ನೋಡಿ. ತಲೆಯ ಮೇಲಿನಿಂದ ಭಾರ ಎಳೆಯುವಾಗ ತುಂಡಾದರೆ ರಾಡು ನೇರ ತಲೆಗೋ ಭುಜಕ್ಕೋ ಬೀಳುತ್ತದೆ. ಭಾರ ಹಿಡಿಯುವ ಪಿನ್ ಕಳೆದುಹೋಗಿ ಅದರ ಜಾಗದಲ್ಲಿ ಸ್ಕ್ರೂಡ್ರೈವರ್ ಸಿಕ್ಕಿಸಿರುವ ಜಿಮ್ಮೂ ನೋಡಿದ್ದೇನೆ. ಅಂಥ ಕಡೆ ಫೀಸ್ ಅರ್ಧಕ್ಕೆ ಇಳಿಸಿದರೂ ಸೇರಬೇಡಿ. ಹರಿದ ಸೀಟು, ತುಕ್ಕು ಹಿಡಿದ ಪ್ಲೇಟು ಇವೆಲ್ಲ ನಡೆಯುತ್ತದೆ. ವೈರು, ಪಿನ್ನು, ಬೆಂಚಿನ ನಟ್ಟು-ಬೋಲ್ಟು ಇವುಗಳಲ್ಲಿ ರಾಜಿ ಬೇಡ.

ಟ್ರೈನರ್ ಬಗ್ಗೆ ಒಂದು ಮಾತು. ಸಾವಿರದ ಜಿಮ್ಮಿನಲ್ಲಿ ನಿಮ್ಮೊಬ್ಬರ ಜೊತೆಗೇ ಯಾರೂ ನಿಲ್ಲುವುದಿಲ್ಲ. ಅದಕ್ಕೆ ಪಿಟಿ (ಪರ್ಸನಲ್ ಟ್ರೈನಿಂಗ್) ಅಂತ ಬೇರೆ ಫೀಸ್, ಜಿಮ್ ಫೀಸಿನ ಹಲವು ಪಟ್ಟು. ಹೊಸಬರಿಗೆ ಒಂದು ತಿಂಗಳ ಪಿಟಿ ಕೊಂಡು ಸ್ಕ್ವಾಟ್ (ಭಾರ ಹೊತ್ತು ಕೂತೇಳುವುದು), ಡೆಡ್‌ಲಿಫ್ಟ್, ಪ್ರೆಸ್ (ಭಾರ ಮೇಲಕ್ಕೆ ತಳ್ಳುವುದು) ಸರಿಯಾಗಿ ಕಲಿಯುವುದು ಒಳ್ಳೆಯ ಖರ್ಚು ಅಂತಲೇ ನನ್ನ ಅಭಿಪ್ರಾಯ. ಆದರೆ ಮೊದಲ ವಾರವೇ ಪ್ರೋಟೀನ್ ಡಬ್ಬ ತಂದು ಮುಂದಿಟ್ಟರೆ ಬೇಡ ಅನ್ನಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಅಡಿಯ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಆಹಾರ ಮಾರ್ಗಸೂಚಿಯಲ್ಲಿ, ಮೈಕಟ್ಟು ಬೆಳೆಸಲು ಪ್ರೋಟೀನ್ ಪುಡಿಗಳನ್ನು ತಿನ್ನಬೇಡಿ ಎಂದೇ ಹೇಳಿದೆ. ಅವರ ಲೆಕ್ಕದಲ್ಲಿ ಒಬ್ಬ ಆರೋಗ್ಯವಂತನಿಗೆ ದಿನಕ್ಕೆ ಪ್ರತಿ ಕೆಜಿ ಮೈತೂಕಕ್ಕೆ 0.83 ಗ್ರಾಂ ಪ್ರೋಟೀನ್. 60 ಕೆಜಿಯವರಿಗೆ ಸುಮಾರು 50 ಗ್ರಾಂ. ಭಾರ ಎತ್ತುವವರಿಗೆ ಇದಕ್ಕಿಂತ ಸ್ವಲ್ಪ ಜಾಸ್ತಿ ಬೇಕಾಗಬಹುದು. ಒಂದು ಮೊಟ್ಟೆಯಲ್ಲೇ ಸುಮಾರು 6 ಗ್ರಾಂ ಇದೆ. ಹುರುಳಿ, ಕಡಲೆ, ಶೇಂಗಾ, ಮೊಸರು, ಮೀನು ನಮ್ಮ ಅಡುಗೆಯಲ್ಲಿ ಮೊದಲಿಂದಲೂ ಇವೆ. ಯಾರಾದರೂ ಮೈ ಬೆಳೆಸುವ ಸ್ಟೀರಾಯ್ಡ್ ಇಂಜೆಕ್ಷನ್ ಮಾತೆತ್ತಿದರೆ ಆ ದಿನವೇ ಆ ಜಾಗ ಬಿಡಿ.

ಹೃದಯದ ಭಯದ ಬಗ್ಗೆಯೂ ತುಂಬಾ ಜನ ಕೇಳುತ್ತಾರೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೋಗಿಬಿಟ್ಟರು. ಆಮೇಲೆ ನಮ್ಮ ರಾಜ್ಯದಲ್ಲಿ ಎಷ್ಟೋ ಮನೆಗಳಲ್ಲಿ "ಜಿಮ್ ಬೇಡಪ್ಪ" ಅಂತ ಶುರುವಾಯಿತು. ಆ ನೋವು ನನಗೂ ಇದೆ. ಆದರೆ ವ್ಯಾಯಾಮ ಬಿಡುವುದು ಅದಕ್ಕೆ ಉತ್ತರವಲ್ಲ. 40 ದಾಟಿದವರು, ಬಿಪಿ, ಶುಗರ್ ಇರುವವರು, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಹಾರ್ಟ್ ತೊಂದರೆ ಬಂದಿದ್ದರೆ, ಸೇರುವ ಮೊದಲು ಡಾಕ್ಟರಿಗೆ ತೋರಿಸಿ. ವ್ಯಾಯಾಮದ ನಡುವೆ ಎದೆ ಬಿಗಿದರೆ, ನೋವು ಭುಜಕ್ಕೋ ದವಡೆಗೋ ಹರಿದರೆ, ಸುಮ್ನೆ ಬೆವರು ಕಿತ್ತುಕೊಂಡು ಬಂದರೆ, ಗ್ಯಾಸ್ಟ್ರಿಕ್ ಅಂದುಕೊಂಡು ಸೆಟ್ ಮುಗಿಸಲು ಹೋಗಬೇಡಿ. ತಕ್ಷಣ ಆಸ್ಪತ್ರೆ. ಸಿಪಿಆರ್ (ಹೃದಯ ನಿಂತಾಗ ಎದೆ ಒತ್ತಿ ಮಾಡುವ ತುರ್ತು ಚಿಕಿತ್ಸೆ) ಗೊತ್ತಿರುವವರು ಇಲ್ಲಿ ಯಾರಾದರೂ ಇದ್ದಾರಾ ಅಂತ ಜಿಮ್ಮಿನ ಓನರನ್ನು ಧೈರ್ಯವಾಗಿ ಕೇಳಿ. ಕೇಳುವವರು ಜಾಸ್ತಿ ಆದರೆ ಅವರೂ ಕಲಿಯುತ್ತಾರೆ.

ಕೊನೆಗೆ ರಸೀದಿ ವಿಷಯ. ಜಿಮ್ ಫೀಸಿನ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 18ರಿಂದ ಶೇ. 5ಕ್ಕೆ ಇಳಿದಿದೆ. ಇನ್ನೂ 18 ಹಾಕುತ್ತಿದ್ದರೆ ಕೇಳಿ. ವರ್ಷಕ್ಕೆ 20 ಲಕ್ಷದೊಳಗೆ ವಹಿವಾಟು ಇರುವ ಚಿಕ್ಕ ಜಿಮ್ ಜಿಎಸ್‌ಟಿಗೆ ನೋಂದಾಯಿಸಿಕೊಳ್ಳಲೇಬೇಕು ಅಂತೇನಿಲ್ಲ. ನೋಂದಣಿ ಇಲ್ಲದವರು ಅದನ್ನು ವಸೂಲಿ ಮಾಡುವ ಹಾಗೂ ಇಲ್ಲ. "ಪ್ಲಸ್ ಜಿಎಸ್‌ಟಿ" ಅಂದರೆ ಜಿಎಸ್‌ಟಿ ನಂಬರ್ ಇರುವ ಬಿಲ್ ಕೊಡಿ ಅನ್ನಿ. ಊರಿಗೆ ಹೋದಾಗ, ಹುಷಾರಿಲ್ಲದಾಗ ದಿನ ಮುಂದೂಡಿಕೊಡುತ್ತಾರಾ, ಜಿಮ್ ಮುಚ್ಚಿದರೆ ಉಳಿದ ದುಡ್ಡು ವಾಪಸ್ಸಾ, ಬಾಯಿಮಾತು ಬೇಡ, ಬರೆಸಿಕೊಳ್ಳಿ. ವಾಟ್ಸಾಪಿನಲ್ಲಿ ಒಂದು ಮೆಸೇಜ್ ಹಾಕಿಸಿಕೊಂಡರೂ ಸಾಕ್ಷಿಯಾಗುತ್ತದೆ. ಫೀಸ್ ಯುಪಿಐನಲ್ಲೇ ಕಟ್ಟಿ. ತಕರಾರು ಬಂದರೆ ಮೊದಲು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿ ಆಗದಿದ್ದರೆ ನಿಮ್ಮ ಜಿಲ್ಲೆಯ ಗ್ರಾಹಕ ಆಯೋಗವಿದೆ. 5 ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕವಿಲ್ಲ, ವಕೀಲರೇ ಬೇಕು ಅಂತಲೂ ಇಲ್ಲ. ರಸೀದಿ ಮಾತ್ರ ಬೇಕು.