ಮುಟ್ಟಿದರೆ ಬೈಯದ ಮ್ಯೂಸಿಯಂ

ಅಮೆರಿಕದಲ್ಲಿ ನಾವಿರುವ ಕ್ವಿನ್ಸಿಯಿಂದ ಬಾಸ್ಟನ್‌ಗೆ ರೆಡ್ ಲೈನ್ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಎರಡೂವರೆ ವರ್ಷದ ಮಗನನ್ನು ಹೊರಡಿಸಲು ಒಂದೂವರೆ ಗಂಟೆ. ಮಾರ್ಚ್ ತಿಂಗಳು ಬಂದರೂ ಚಳಿ ಇನ್ನೂ ಗಂಟುಮೂಟೆ ಕಟ್ಟಿರಲಿಲ್ಲ. ಸ್ವೆಟರು, ಜಾಕೆಟ್ಟು, ಟೋಪಿ, ಕೈಗವಸು, ಬೂಟು ಎಲ್ಲ ತೊಡಿಸಿ ಬಾಗಿಲಿಗೆ ಬೀಗ ಹಾಕಿದ ಮೇಲೆ ಪುಟ್ಟನಿಗೆ ಸುಸ್ಸು ಬಂತು. ಮತ್ತೆ ಒಳಗೆ ಹೋಗಿ, ಎಲ್ಲ ಬಿಚ್ಚಿ, ಎಲ್ಲ ತೊಡಿಸಿ, ಮೊಸರನ್ನದ ಡಬ್ಬಿ, ಥರ್ಮಾಸ್‌ನಲ್ಲಿ ಹಾಲು, ಎರಡು ಜೊತೆ ಬಟ್ಟೆ ಇದ್ದ ಚೀಲವನ್ನು ಬೆನ್ನಿಗೆ ಏರಿಸಿಕೊಂಡು ಹೊರಟೆವು.

ರೈಲು ನಾರ್ತ್ ಕ್ವಿನ್ಸಿ ದಾಟಿ ನೆಪಾನ್ಸೆಟ್ ನದಿಯ ಮೇಲೆ ಹಾಯ್ದ ಸ್ವಲ್ಪ ಹೊತ್ತಿಗೆ ಬಲಗಡೆ ಭಾರೀ ಗ್ಯಾಸ್ ಟ್ಯಾಂಕ್ ಒಂದು ಕಾಣುತ್ತದೆ. ಬಿಳಿ ಮೈ ಮೇಲೆ ಕಾಮನಬಿಲ್ಲಿನ ಬಣ್ಣಗಳ ದಪ್ಪ ಪಟ್ಟೆಗಳು, ಯಾರೋ ಪೊರಕೆಗೆ ಬಣ್ಣ ಅದ್ದಿ ಎಳೆದ ಹಾಗೆ. 1971ರಲ್ಲಿ ಕಲಾವಿದೆ ಕೊರೀಟಾ ಕೆಂಟ್ ಮಾಡಿದ ವಿನ್ಯಾಸ ಅದು. ಆ ಮೊದಲ ಟ್ಯಾಂಕನ್ನು ಕೆಡವಿದ ಮೇಲೆ 1992ರಲ್ಲಿ ಪಕ್ಕದ ಟ್ಯಾಂಕಿನ ಮೇಲೆ ಅದನ್ನೇ ಮತ್ತೆ ಬಳಿದರು. ಪುಟ್ಟ ಗಾಜಿಗೆ ಮೂಗು ಒತ್ತಿ ಕೇಳಿದ: "ಯಾರು ಗೀಚಿದ್ದು?"

"ಒಬ್ಬರು ಅಜ್ಜಿ."

"ಅಜ್ಜಿಗೆ ಬೈದ್ರಾ?"

ಹಿಂದಿನ ವಾರವಷ್ಟೇ ಹಾಲ್ ಗೋಡೆಯ ಮೇಲೆ ಕ್ರೇಯಾನ್ ಆಡಿಸಿ ನನ್ನಿಂದ ಮಂಗಳಾರತಿ ಮಾಡಿಸಿಕೊಂಡಿದ್ದ. ನಾನು ಮುಖ ಆಚೆ ತಿರುಗಿಸಿದೆ.

ಸೌತ್ ಸ್ಟೇಷನ್‌ನಲ್ಲಿ ಇಳಿದು ಕಾಂಗ್ರೆಸ್ ಸ್ಟ್ರೀಟ್ ಹಿಡಿದು ಹತ್ತು ನಿಮಿಷ ನಡೆದರೆ ಫೋರ್ಟ್ ಪಾಯಿಂಟ್ ಕಾಲುವೆ ಸಿಗುತ್ತದೆ. ಸೇತುವೆಯ ಪಕ್ಕದಲ್ಲೇ ಹಳೇ ಕಾಲದ ಮಾದರಿಯ ಹಾಯಿಹಡಗುಗಳು ನಿಂತಿವೆ. 1773ರ ಡಿಸೆಂಬರ್ 16ರ ರಾತ್ರಿ ಬ್ರಿಟಿಷರ ತೆರಿಗೆಯ ಸಿಟ್ಟಿಗೆ ಇಲ್ಲಿನ ಜನ 342 ಪೆಟ್ಟಿಗೆ ಚಹವನ್ನು ಸಮುದ್ರಕ್ಕೆ ಸುರಿದ ಪ್ರಸಂಗವನ್ನು ಹೇಳುವ ಮ್ಯೂಸಿಯಂ ಅದು. ಒಂದು ಲೋಟ ಟೀ ಚೆಲ್ಲಿದರೂ ರೇಗುವ ಮನೆಯಿಂದ ಬಂದವಳಿಗೆ ಆ ಲೆಕ್ಕ ಕೇಳಿಯೇ ಸಂಕಟ. ಅಲ್ಲಿ ನಿಲ್ಲಲಿಲ್ಲ. ಪುಟ್ಟನ ಕಣ್ಣು ಆಗಲೇ ಆಚೆ ದಡದ ಹಾಲಿನ ಬಾಟಲಿಗೆ ಅಂಟಿತ್ತು.

ಬಾಟಲಿಯೆಂದರೆ 40 ಅಡಿ ಎತ್ತರದ್ದು, ಮರದ್ದು. 1933ರಲ್ಲಿ ಟಾಂಟನ್ ಎಂಬ ಊರಿನಲ್ಲಿ ಐಸ್‌ಕ್ರೀಮ್ ಅಂಗಡಿಯಾಗಿ ಕಟ್ಟಿದ್ದನ್ನು 1977ರಲ್ಲಿ ದೋಣಿಯ ಮೇಲೆ ಮಲಗಿಸಿ ಇಲ್ಲಿಗೆ ತಂದರಂತೆ. ನಿಜವಾಗಿ ತುಂಬಿಸಿದರೆ 58,000 ಗ್ಯಾಲನ್, ಅಂದರೆ ಎರಡು ಲಕ್ಷ ಲೀಟರಿಗೂ ಮೇಲೆ ಹಾಲು ಹಿಡಿಸುತ್ತದಂತೆ. ಪುಟ್ಟ ಅದರ ಬುಡದಲ್ಲಿ ನಿಂತು "ಹಾಲು ಬೇಕು" ಎಂದ. ಅಂಗಡಿಯ ಕಿಟಕಿ ಮುಚ್ಚಿತ್ತು. "ಆಮೇಲೆ" ಎಂದೆ. ಆಮೇಲೆ ಎಂದರೆ ಮರೆತುಹೋಗುತ್ತದೆ ಎಂಬ ನಂಬಿಕೆ ನನಗೆ ಇನ್ನೂ ಉಳಿದಿತ್ತು.

ಬಾಟಲಿಯ ಹಿಂದಿನ ಇಟ್ಟಿಗೆ ಕಟ್ಟಡವೇ ಬಾಸ್ಟನ್ ಚಿಲ್ಡ್ರನ್ಸ್ ಮ್ಯೂಸಿಯಂ. ಮೊದಲು ಉಣ್ಣೆಯ ಗೋದಾಮಾಗಿತ್ತು. ಮ್ಯೂಸಿಯಂ ಹುಟ್ಟಿದ್ದು 1913ರಲ್ಲಿ, ವಿಜ್ಞಾನ ಕಲಿಸುವ ಮೇಷ್ಟ್ರುಗಳ ಉತ್ಸಾಹದಿಂದ. ಈ ಗೋದಾಮಿಗೆ ಬಂದದ್ದು 1979ರಲ್ಲಿ. ಒಳಗೆ ಕಾಲಿಟ್ಟ ಕೂಡಲೇ ಮೂರಂತಸ್ತು ಎತ್ತರಕ್ಕೆ ಬಾಗಿದ ಹಲಗೆಗಳನ್ನು ಬಳ್ಳಿಯ ಎಲೆಗಳಂತೆ ಜೋಡಿಸಿ ಸುತ್ತ ಬಲೆ ಕಟ್ಟಿದ, ಮಕ್ಕಳು ಹತ್ತಿ ಆಡುವ ಅಟ್ಟಣೆ. ದೊಡ್ಡ ಮಕ್ಕಳು ಕೋತಿಗಳಂತೆ ಮೇಲೆ ಹೋಗುತ್ತಿದ್ದರು. ಪುಟ್ಟ ಎರಡು ಹಲಗೆ ಹತ್ತಿ, ಕೆಳಗೆ ನೋಡಿ, ಹತ್ತಿದಷ್ಟೇ ಗಂಭೀರವಾಗಿ ಇಳಿದ. ದೇವರು ದೊಡ್ಡವನು.

ಮೂರು ವರ್ಷದೊಳಗಿನವರಿಗೆ ಬೇರೆಯೇ ಕೋಣೆ ಇದೆ, ಪ್ಲೇಸ್ಪೇಸ್. ಮರದ ಮೇಲಿನ ಮನೆ, ಆಟದ ರೈಲಿನ ಹಳಿ, ಕೈ ಕೊಳೆ ಮಾಡಿಕೊಳ್ಳಲೆಂದೇ ಒಂದು ಮೂಲೆ. ಪುಟ್ಟ ರೈಲಿನ ಎದುರು ಕೂತ. ಮುಕ್ಕಾಲು ಗಂಟೆ ಅಲ್ಲಿಂದ ಏಳಲಿಲ್ಲ. ಪಕ್ಕದ ಹುಡುಗಿಯ ಇಂಜಿನ್ನಿಗೆ ಕೈ ಹಾಕಿದಾಗ "ಮುಟ್ಟಬೇಡ" ಎಂದೆ. ಬಣ್ಣದ ಪಾತ್ರೆಗೆ ಕೈ ಇಳಿಸಿದಾಗ "ಮುಟ್ಟಬೇಡ" ಎಂದೆ. ಗೋಡೆಯ ಮೇಲಿದ್ದ ಗುಂಡಿ ಒತ್ತಲು ಹೋದಾಗಲೂ ಅದೇ. ಗುಂಡಿ ಇದ್ದದ್ದೇ ಒತ್ತಲಿಕ್ಕೆ! ನನಗೇ ನಾಚಿಕೆಯಾಗಿ ಎಣಿಸತೊಡಗಿದೆ. ಊಟದ ಹೊತ್ತಿಗೆ 17 ಆಗಿತ್ತು.

ಈ ಮಾತು ನನ್ನ ನಾಲಗೆಗೆ ಅಂಟಿದ್ದು ಎಲ್ಲಿಂದ ಎಂದು ಗೊತ್ತು. ನಾನು ಕಂಡ ಮೊದಲ ಮ್ಯೂಸಿಯಂ ಬೆಂಗಳೂರಿನ ಕಸ್ತೂರಬಾ ರಸ್ತೆಯ ಕೆಂಪು ಕಟ್ಟಡ. ಅಲ್ಲಿ ಆತಕೂರಿನ ವೀರಗಲ್ಲು ಇದೆ, ಹತ್ತನೆಯ ಶತಮಾನದ್ದು. ಕಾಳಿ ಎಂಬ ಬೇಟೆನಾಯಿ ಹಂದಿಯೊಡನೆ ಹೋರಾಡಿ ಸತ್ತ ಕಥೆ ಅದರಲ್ಲಿ ಕೊರೆದಿದೆ. ಅಪ್ಪ ಕಥೆ ಹೇಳಿದರು, ನಾನು ನಾಯಿಯ ಬೆನ್ನು ಸವರಲು ಕೈ ಚಾಚಿದೆ, ಅಪ್ಪ ಆ ಕೈಯನ್ನು ಎಳೆದು ತಮ್ಮ ಮುಷ್ಟಿಯಲ್ಲಿಟ್ಟುಕೊಂಡರು. ಅಪ್ಪ ಮಾಡಿದ್ದು ಸರಿಯೇ. ಸಾವಿರ ವರ್ಷದ ಕಲ್ಲು ದಿನಾ ಸವರಿಸಿಕೊಂಡರೆ ಉಳಿಯುವುದಿಲ್ಲ. ಆದರೂ ಕಾಳಿಯ ಬೆನ್ನು ಹೇಗಿತ್ತೋ ಎಂಬ ತುರಿಕೆ ಈ ಬೆರಳಲ್ಲಿ ಇನ್ನೂ ಇದೆ.

ಇಲ್ಲಿಯೂ ಒಂದು ಕಾಲಕ್ಕೆ ಗಾಜಿನ ಪೆಟ್ಟಿಗೆಗಳೇ ಇದ್ದವು. 1962ರಲ್ಲಿ ಮೈಕಲ್ ಸ್ಪಾಕ್ ನಿರ್ದೇಶಕರಾಗಿ ಬಂದರು, ಹೆಸರಾಂತ ಮಕ್ಕಳ ಡಾಕ್ಟರ್ ಬೆಂಜಮಿನ್ ಸ್ಪಾಕ್ ಅವರ ಮಗ. ಅವರಿಗೆ ಡಿಸ್ಲೆಕ್ಸಿಯಾ ಇತ್ತು, ಓದುವುದು ಕಷ್ಟ. ಗಾಜಿನ ಮುಂದಿನ ಚೀಟಿ ಓದಿ ಕಲಿಯಿರಿ ಎಂಬ ಮ್ಯೂಸಿಯಮ್ಮನ್ನು ಅವರು ಒಪ್ಪದಿದ್ದುದರಲ್ಲಿ ಆಶ್ಚರ್ಯವಿಲ್ಲ. ದಿನಬಳಕೆಯ ವಸ್ತುಗಳನ್ನು ಕುಯ್ದು ಒಳಗೇನಿದೆ ಎಂದು ತೋರಿಸಿದರು, ಮಕ್ಕಳ ಕೈಗೇ ಸಾಮಾನು ಕೊಟ್ಟರು. ಆಮೇಲೆ ಎಷ್ಟೋ ಊರುಗಳ ಮಕ್ಕಳ ಮ್ಯೂಸಿಯಂಗಳು ಇದೇ ದಾರಿ ಹಿಡಿದವು.

ಊಟಕ್ಕೆ ಕೆಳಗೆ ಕೂತೆವು. ಎದುರಿಗೆ ಚೀನೀ ಅಜ್ಜಿಯೊಬ್ಬರು ಮೊಮ್ಮಗನ ಹಿಂದೆ ಡಬ್ಬಿ, ಚಮಚ ಹಿಡಿದು ಓಡುತ್ತಿದ್ದರು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಪುಟ್ಟನ ಗಲ್ಲಕ್ಕೆ ಅಂಟಿದ ಮೊಸರನ್ನ ತೋರಿಸಿ ನಕ್ಕರು, ತಮ್ಮ ಡಬ್ಬಿ ಬಗ್ಗಿಸಿ ತೋರಿಸಿದರು. ಅದರಲ್ಲೂ ಅನ್ನವೇ. ಆ ಕ್ಷಣದಲ್ಲಿ ಇಬ್ಬರೂ ಹುಡುಗರು ಒಟ್ಟಿಗೆ ಬಾಯಿ ಮುಚ್ಚಿಕೊಂಡರು.

ಆಮೇಲೆ ಗಾಲ್ಫ್ ಚೆಂಡುಗಳನ್ನು ಇಳಿಜಾರಿನ ಹಳಿಗಳ ಮೇಲೆ ಬಿಡುವ ಆಟ. ಚೆಂಡು ಉರುಳಿ, ಸುತ್ತಿ, ಜಿಗಿದು ಕೆಳಗೆ ಬೀಳುತ್ತದೆ. ಪುಟ್ಟನಿಗೆ ಬೇಕಾದದ್ದು ಬೀಳುವುದೊಂದೇ. ಹಳಿಯ ಗೊಡವೆಗೇ ಹೋಗದೆ ಕೈಯಿಂದಲೇ ಎಸೆದ. ಒಂದು ನನ್ನ ಮೊಣಕಾಲಿಗೆ ಬಿತ್ತು. ಬೈದೆ, ಅದು ಲೆಕ್ಕಕ್ಕೆ ಇಲ್ಲ.

ನನಗೆ ನಿಜಕ್ಕೂ ಹಿಡಿಸಿದ್ದು ಮಾತ್ರ ಜಪಾನಿನ ಮನೆ. ಬಾಸ್ಟನ್‌ಗೂ ಕ್ಯೋಟೊ ನಗರಕ್ಕೂ 1959ರಿಂದ ‘ಸಿಸ್ಟರ್ ಸಿಟಿ’ ಎಂಬ ಅಕ್ಕತಂಗಿಯರ ನಂಟು. ಆ ನಂಟಿನ ಉಡುಗೊರೆಯಾಗಿ ರೇಷ್ಮೆ ವ್ಯಾಪಾರಿಯೊಬ್ಬರ ಹಳೆಯ ಮರದ ಮನೆಯನ್ನು ಕಳಚಿ ತಂದರು. ಕ್ಯೋಟೊದ ಬಡಗಿಗಳೇ ಬಂದು ಇಲ್ಲಿ ಮತ್ತೆ ಜೋಡಿಸಿದರು. ಇಂಥ ಮನೆಗಳ ಮುಂಭಾಗ ಇಕ್ಕಟ್ಟು, ಒಳಗೆ ಉದ್ದೋ ಉದ್ದ. ಜಪಾನಿನವರು ಇದನ್ನು ಹಾವುಮೀನಿನ ಹಾಸಿಗೆ ಎನ್ನುತ್ತಾರೆ. ಮೇಲುಕೋಟೆಯ ಅಜ್ಜಿ ಮನೆಯನ್ನು ನಾವು ರೈಲು ಡಬ್ಬಿ ಎನ್ನುತ್ತಿದ್ದೆವು: ಜಗಲಿ, ನಡುಮನೆ, ಬೆಳಕಿಗೊಂದು ತೊಟ್ಟಿ, ಅಡುಗೆಮನೆ, ಹಿತ್ತಿಲು. ಅಲ್ಲಿ ತೊಟ್ಟಿ ಇರುವ ಕಡೆ ಇಲ್ಲಿ ಅಂಗೈಯಗಲದ ತೋಟ.

ಹೊಸ್ತಿಲಲ್ಲಿ ಬೂಟು ಬಿಚ್ಚಬೇಕು. ಬೆಳಿಗ್ಗೆಯಿಂದ ಒಂದು ಮಾತೂ ಕೇಳದ ಪುಟ್ಟ ತಾನೇ ಕೂತು ಎರಡೂ ಕಾಲು ಮುಂದೆ ಚಾಚಿದ. ಪಕ್ಕದ ಮಕ್ಕಳಿಗೆ ಇದು ಹೊಸ ನಿಯಮ, ಇವನಿಗೆ ಮನೆಯ ನಿಯಮ. ಒಳಗೆ ಹೋಗಿ ತತಾಮಿಯನ್ನು ಅಂಗೈಯಿಂದ ಎರಡು ಸಲ ಸವರಿ "ಚಾಪೆ!" ಎಂದು ಕೂಗಿ ಅಲ್ಲೇ ಮಲಗಿಬಿಟ್ಟ. ನಾನೂ ಗೋಡೆಗೆ ಒರಗದಂತೆ ಎಚ್ಚರದಿಂದ ಪಕ್ಕದಲ್ಲಿ ಕೂತೆ. ಒಣಹುಲ್ಲಿನ ಸಣ್ಣ ವಾಸನೆ ಬರುತ್ತಿತ್ತು. ಕಾಗದದ ಬಾಗಿಲಿನ ಕಡೆಗೆ ಅವನ ಬೆರಳು ಹೋಗುವುದನ್ನು ನೋಡಿದೆ. ಬಾಯಿ ತೆರೆದೆ, ಮುಚ್ಚಿದೆ. ಬೆರಳ ತುದಿ ಕಾಗದಕ್ಕೆ ತಾಗಿ, ಇರುವೆಯಂತೆ ಸ್ವಲ್ಪ ಸರಿದು, ತಾನಾಗಿಯೇ ಹಿಂದೆ ಬಂತು.

ಹೊರಡುವಾಗ ರಾದ್ಧಾಂತ ಆಗಿಯೇ ಆಯಿತು. ಜಾಕೆಟ್ ಬೇಡ, ರೈಲು ಬೇಕು, ನೀನು ಬೇಡ. ಹೊತ್ತುಕೊಂಡೇ ಹೊರಗೆ ಬಂದೆ. ಕಾಲುವೆಯ ಗಾಳಿ ಮುಖಕ್ಕೆ ಬಡಿದದ್ದೇ ಅಳು ನಿಂತಿತು. ಎದುರಿಗೆ ಬಾಟಲಿ.

"ಆಮೇಲೆ ಆಯ್ತಾ?" ಎಂದ.

ಥರ್ಮಾಸ್ ತೆಗೆದು ಮುಚ್ಚಳಕ್ಕೆ ಹಾಲು ಸುರಿದು ಕೊಟ್ಟೆ. ಪೂರ್ತಿ ಕುಡಿದ, ಮೀಸೆ ಬಂತು. ಆಮೇಲೆ ನನ್ನ ತೋಳಿನಿಂದ ಜಾರಿ ಇಳಿದು ಹೋಗಿ, ಕೈಗವಸು ಕಿತ್ತೆಸೆದು, 40 ಅಡಿಯ ಬಾಟಲಿಯ ಮೈಗೆ ಟಕ್ ಟಕ್ ಬಡಿದ. ಕಿವಿ ಇಟ್ಟು ಕೇಳಿದ.

"ಖಾಲಿ," ಎಂದ. "ಎಲ್ಲ ನಾನೇ ಕುಡಿದೆ."